ನಡುವೆ ನಿಂತವಳು



ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಕಾಳಗ ಅಲ್ಲಿ ಚಿತ್ರವಾಗಿದೆ. ಮದ್ದಿನ ಗಾಡಿ ಸಿಡಿಯುತ್ತಿದೆ; ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿದ್ದಾನೆ. ಯಾರು ಗೆದ್ದರು ಎಂದು ಸಾರುವ ಚಿತ್ರವದು. ಆದರೆ 1799ರ ಮೇ 4ರಂದು ಅದೇ ಊರಿನ ಕೋಟೆ ಇಂಗ್ಲಿಷರ ವಶವಾಯಿತು, ಟಿಪ್ಪು ಮಡಿದ. ಗೆಲುವು ಕೈ ಬದಲಾಯಿಸಿತು.

ಅದೇ 1799ರಲ್ಲಿ ಪ್ಯಾರಿಸಿನಲ್ಲಿ ಜಾಕ್ ಲೂಯಿ ದಾವಿದ್ ಎಂಬ ಚಿತ್ರಕಾರ ಇನ್ನೊಂದು ರಣರಂಗದ ಚಿತ್ರವನ್ನು ಮುಗಿಸಿದ. ಫ್ರಾನ್ಸಿನ ಕ್ರಾಂತಿಯಲ್ಲಿ ದೊರೆಯ ಮರಣದಂಡನೆಗೆ ಮತ ಹಾಕಿದ್ದ ಆತ, ಮುಂದೆ ತಾನೇ ಸೆರೆಮನೆ ಕಂಡಿದ್ದ. ಚಿತ್ರದ ವಸ್ತು ರೋಮ್ ನಗರದ ಪುರಾತನ ಐತಿಹ್ಯ. ರೋಮುಲಸನ ಜನ ನೆರೆಯ ಸಬೀನರ ಹೆಣ್ಣುಮಕ್ಕಳನ್ನು ಬಲಾತ್ಕಾರವಾಗಿ ಹೊತ್ತೊಯ್ದರು. ಸೇಡಿಗಾಗಿ ತಂದೆಯರು ದಂಡೆತ್ತಿ ಬಂದರು. ಅಷ್ಟರಲ್ಲಿ ಆ ಹೆಣ್ಣುಮಕ್ಕಳು ತಾಯಂದಿರಾಗಿದ್ದರು. ತಂದೆಯ ಕತ್ತಿಗೂ ಗಂಡನ ಈಟಿಗೂ ನಡುವೆ ಹೆರ್ಸಿಲಿಯಾ ಎಂಬಾಕೆ ಎರಡೂ ಕೈ ಚಾಚಿ ನಿಂತಿದ್ದಾಳೆ. ಕಾಲ ಬಳಿ ಎಳೆಯ ಮಕ್ಕಳು. ಒಂದು ಬದಿಯಲ್ಲಿ ಕುದುರೆ ಸವಾರನೊಬ್ಬ ಆಗಲೇ ಕತ್ತಿಯನ್ನು ಒರೆಗೆ ಸೇರಿಸುತ್ತಿದ್ದಾನೆ.

ಈ ಕಥೆ ನಮಗೆ ದೂರದ್ದೇ? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲಿಯೇ ಆಗಲಿ, ಹೊಲದ ಬದುವಿಗೆ, ನಾಲೆಯ ನೀರಿಗೆ, ಮದುವೆಯಲ್ಲಿ ಆಡಿದ ಒಂದು ಮಾತಿಗೆ ತವರುಮನೆಯೂ ಗಂಡನ ಮನೆಯೂ ವರ್ಷಗಟ್ಟಲೆ ಮುಖ ನೋಡದಿರುವುದುಂಟು. ಅಜ್ಜನ ಮಡಿಲು ಮೊಮ್ಮಕ್ಕಳಿಗೆ ತಪ್ಪುತ್ತದೆ. ಗೆದ್ದವರು ಯಾರು?

ಒಂದು ಎಚ್ಚರಿಕೆ. ಹೊತ್ತೊಯ್ದದ್ದು ಅನ್ಯಾಯವೇ, ರಾಜಿಯಾದ ಮಾತ್ರಕ್ಕೆ ಅದು ನ್ಯಾಯವಾಗದು. ಹೊಡೆತ ತಿಂದ ಹೆಣ್ಣಿಗೆ "ಸಹಿಸಿಕೋ ತಾಯಿ" ಎಂದು ಹೇಳಿ ಕಳುಹಿಸುವುದು ಸಮಾಧಾನವಲ್ಲ. ಆಕೆಗೆ ಮೊದಲು ಬೇಕಾದದ್ದು ರಕ್ಷಣೆ. ತಪ್ಪನ್ನು ತಪ್ಪೆಂದು ಒಪ್ಪಿಕೊಂಡ ಮೇಲೆಯೇ ಕ್ಷಮೆಗೆ ನೆಲೆ. ಪಾಪನಿವೇದನೆಯ ಸಂಸ್ಕಾರ ನಮಗೆ ಕಲಿಸುವುದೂ ಇದನ್ನೇ. ಹಾಗೆಯೇ, ನಡುವೆ ನಿಲ್ಲುವುದು ಹೆಂಗಸರ ಪಾಲಿನ ಕೆಲಸವೆಂದು ಗಂಡಸರು ಕೈತೊಳೆದುಕೊಳ್ಳಬಾರದು.

ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ಹಗೆಯ ಗೋಡೆಯನ್ನು ಪ್ರಭು ಯೇಸು ಕೆಡವಿದ್ದು ದೂರ ನಿಂತು ಬುದ್ಧಿ ಹೇಳಿ ಅಲ್ಲ. ತಮ್ಮ ದೇಹವನ್ನೇ ಒಡ್ಡಿ. ಶಿಲುಬೆಯ ಮೇಲೆ ಅವರ ಕೈಗಳೂ ಎರಡು ಕಡೆಗೆ ಚಾಚಿದ್ದವು. ನಡುವೆ ನಿಲ್ಲುವವರಿಗೆ ಎರಡೂ ಕಡೆಯ ಏಟು ತಪ್ಪದು. ಆದರೂ ಯಾರಾದರೂ ನಿಲ್ಲಲೇಬೇಕು.

ಬರುವ ಭಾನುವಾರದ ಬಲಿಪೂಜೆಗೆ ಮುನ್ನ ಯೋಚಿಸಿರಿ: ನಿಮ್ಮ ಬಂಧುಬಳಗದಲ್ಲಿ ಯಾವ ಎರಡು ಮನೆಗಳ ಬಾಗಿಲು ಮುಚ್ಚಿದೆ? ಅವುಗಳಲ್ಲಿ ಯಾವ ಬಾಗಿಲನ್ನು ನೀವು ಮೊದಲು ತಟ್ಟಬಲ್ಲಿರಿ?