ಎರಡನೇ ಲ್ಯಾಪ್‌ಗೇ ಏದುಸಿರು ಬಂದರೆ

ಕ್ಲಚ್ ಹಿಡಿಯಲಾಗದಷ್ಟು ಮರಗಟ್ಟಿದ ಮುಂಗೈ, ಎರಡನೇ ಲ್ಯಾಪ್‌ಗೇ ಏದುಸಿರು. ಹವ್ಯಾಸಿ ಮೋಟೊಕ್ರಾಸ್ ಸವಾರರಲ್ಲಿ ಇದು ಮಾಮೂಲು. ರೇಸ್‌ನುದ್ದಕ್ಕೂ ಎದೆಬಡಿತ ಗರಿಷ್ಠದ ಶೇ 90ರ ಆಸುಪಾಸಿನಲ್ಲೇ ಇರುತ್ತದೆ.

ಇದೇ ತೊಂದರೆ ಹೇಳಿಕೊಂಡು ನಮಗೆ ಪತ್ರ ಬರೆದ ಸವಾರರೊಬ್ಬರಿಗೆ 38 ವರ್ಷ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಸುಮಾರು 182; ಹತ್ತು ಹೆಚ್ಚುಕಮ್ಮಿ ಇರಬಹುದು. ಅವರು ವಾರಕ್ಕೆ ಮೂರು ದಿನ, ಬಡಿತ 110ರಿಂದ 127ರೊಳಗಿರುವಂತೆ, ಮಾತಾಡುತ್ತಲೇ ಮುಕ್ಕಾಲು ಗಂಟೆ ಸೈಕಲ್ ತುಳಿಯಲಿ. ಬಹಳ ನಿಧಾನವೆನಿಸಿ ಹೆಚ್ಚಿನವರು ಇಲ್ಲೇ ಕೈಬಿಡುತ್ತಾರೆ, ದಯವಿಟ್ಟು ಬಿಡಬಾರದು. ಇನ್ನೊಂದು ದಿನ ನಾಲ್ಕು ನಿಮಿಷದ ಬಿರುಸಿನ ನಾಲ್ಕು ಸುತ್ತು, ನಡುನಡುವೆ ಮೂರು ನಿಮಿಷ ಹಗುರ ತುಳಿತ. ಹ್ಯಾಂಡಲ್ ಬಿಗಿಹಿಡಿದಾಗ ಮಣಿಕಟ್ಟಿನ ವಾಚ್ ತಪ್ಪು ಲೆಕ್ಕ ಕೊಡಬಹುದು, ಎದೆಗೆ ಕಟ್ಟುವ ಪಟ್ಟಿಯೇ ವಾಸಿ.

ಮೊಣಕಾಲಿನಿಂದ ಬೈಕನ್ನು ಒತ್ತಿ ಹಿಡಿದರೆ ಮುಂಗೈಗೆ ಬಿಡುವು ಸಿಗುತ್ತದೆ.

ಎದೆನೋವು, ತಲೆಸುತ್ತು ಇದ್ದರೆ ಮಾತ್ರ ಮೊದಲು ಹೃದ್ರೋಗ ತಜ್ಞರ ತಪಾಸಣೆ ಆಗಲಿ.