ಲೋಹ ಸಂಕೀರ್ಣಗಳ ರಚನೆ ಮತ್ತು ಚಲನೆ

ಮೈಲುತುತ್ತದ ದ್ರಾವಣಕ್ಕೆ ಅಮೋನಿಯ ದ್ರಾವಣವನ್ನು ಧಾರಾಳವಾಗಿ ಬೆರೆಸಿದರೆ ತಿಳಿನೀಲಿಯು ನೋಡುನೋಡುತ್ತಿದ್ದಂತೆ ಕಡುನೀಲಿಯಾಗುತ್ತದೆ. ತಾಮ್ರದ ಅಯಾನನ್ನು ಸುತ್ತುವರಿದಿದ್ದ ನೀರಿನ ಅಣುಗಳಲ್ಲಿ ಕೆಲವು ತೆರಳಿ, ಅವುಗಳ ಸ್ಥಾನವನ್ನು ಅಮೋನಿಯದ ಅಣುಗಳು ಪಡೆದುದೇ ಇದಕ್ಕೆ ಕಾರಣ. ನಡುವೆ ಲೋಹದ ಅಯಾನು, ಅದರ ಸುತ್ತ ನಿಯತ ಸಂಖ್ಯೆಯ ಅಣುಗಳು ಅಥವಾ ಅಯಾನುಗಳು ಇರುವ ಇಂಥ ವಸ್ತುಗಳಿಗೆ ಸಂಕೀರ್ಣಗಳೆಂದು ಹೆಸರು. ಕ್ರೋಮಿಯಮ್, ಕೋಬಾಲ್ಟ್, ತಾಮ್ರ, ಪ್ಲಾಟಿನಮ್ ಮೊದಲಾದ ಸಂಕ್ರಮಣ ಲೋಹಗಳು ಇವುಗಳನ್ನು ಹೇರಳವಾಗಿ ಕೊಡುತ್ತವೆ. ಇವುಗಳ ವಿಷಯದಲ್ಲಿ ಎರಡು ಪ್ರಶ್ನೆಗಳೇಳುತ್ತವೆ. ಸುತ್ತಲಿನ ಅಣುಗಳು ಯಾವ ಕ್ರಮದಲ್ಲಿ ನೆಲೆಗೊಂಡಿವೆ? ಎಷ್ಟು ಕಾಲ ಅಲ್ಲಿ ನಿಲ್ಲುತ್ತವೆ?

ಮೊದಲನೆಯ ಪ್ರಶ್ನೆಗೆ ಉತ್ತರವನ್ನು 1893ರಲ್ಲಿ ಜೂರಿಕ್ ನಗರದ ಆಲ್‌ಫ್ರೆಡ್ ವೆರ್ನರ್ ಸೂಚಿಸಿದನು. ಕೋಬಾಲ್ಟ್ ಅಯಾನಿನ ಸುತ್ತಲಿನ ಆರು ಸ್ಥಾನಗಳು ಅಷ್ಟಮುಖಿಯ ಆರು ಶೃಂಗಗಳಲ್ಲಿವೆ ಎಂಬುದು ಅವನ ಮತ. ನಾಲ್ಕು ಸ್ಥಾನಗಳಲ್ಲಿ ಅಮೋನಿಯ, ಎರಡರಲ್ಲಿ ಕ್ಲೋರೈಡು ಇವೆಯೆಂದು ಭಾವಿಸೋಣ. ಕ್ಲೋರೈಡುಗಳು ಅಕ್ಕಪಕ್ಕದಲ್ಲಿರಬಹುದು, ಇಲ್ಲವೇ ಎದುರುಬದುರಾಗಿರಬಹುದು. ಆದುದರಿಂದ ಎರಡೇ ರೂಪಗಳು ಸಾಧ್ಯ. ಸ್ಥಾನಗಳು ಸಮತಲದ ಷಟ್ಕೋನದಲ್ಲಿದ್ದಿದ್ದರೆ ಮೂರು ರೂಪಗಳಿರಬೇಕಾಗಿತ್ತು. ದೊರೆತವು ಎರಡೇ: ಒಂದು ಹಸಿರು, ಇನ್ನೊಂದು ನೇರಳೆ. 1913ರಲ್ಲಿ ವೆರ್ನರನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಎರಡನೆಯ ಪ್ರಶ್ನೆ ಬಹುಕಾಲ ಉಳಿಯಿತು. ನೀರಿನ ಅಣುವೊಂದು ಹೋಗಿ ಅಂಥದೇ ಇನ್ನೊಂದು ಬಂದರೆ ಅದನ್ನು ಗುರುತಿಸುವುದು ಹೇಗೆ? 1950ರ ಸುಮಾರಿನಲ್ಲಿ ಹಂಟ್ ಮತ್ತು ಟೌಬ್ ಎಂಬ ವಿಜ್ಞಾನಿಗಳು ಆಮ್ಲಜನಕದ ಭಾರವಾದ ಸಮಸ್ಥಾನಿ, ಅಂದರೆ ಆಮ್ಲಜನಕ–18, ಇರುವ ನೀರನ್ನು ಬಳಸಿ ಕ್ರೋಮಿಯಮ್ ಅಯಾನನ್ನು ಪರೀಕ್ಷಿಸಿದರು. ಅದರ ಸುತ್ತಲಿನ ನೀರು ಅರ್ಧದಷ್ಟು ಬದಲಾಗಲು ದಿನಗಳೇ ಬೇಕು. ತಾಮ್ರದ ಅಯಾನಿನಲ್ಲಾದರೋ ನೀರಿನ ಅಣುವೊಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ಕಾಲವೂ ನಿಲ್ಲುವುದು ಕಷ್ಟ!

ಈ ಅಂತರಕ್ಕೆ ಕಾರಣ ಎಲೆಕ್ಟ್ರಾನುಗಳ ವಿನ್ಯಾಸ. ಕ್ರೋಮಿಯಮ್ ಅಯಾನಿನ ಮೂರು ಹೊರ ಎಲೆಕ್ಟ್ರಾನುಗಳು ಸುತ್ತಲಿನ ಅಣುಗಳ ನಡುವಣ ಎಡೆಗಳಲ್ಲಿ ಒಂದೊಂದಾಗಿ ನೆಲೆಸಿವೆ. ಈ ಏರ್ಪಾಟನ್ನು ಕದಲಿಸಲು ಹೆಚ್ಚು ಶಕ್ತಿ ಬೇಕು. ತಾಮ್ರದಲ್ಲಿ ಅಂಥ ಎಲೆಕ್ಟ್ರಾನುಗಳು ಒಂಬತ್ತು. ಅವುಗಳಲ್ಲಿ ಕೆಲವು ನೇರವಾಗಿ ಅಣುಗಳ ದಿಕ್ಕಿನಲ್ಲಿಯೇ ಇದ್ದು, ಕೆಲವು ಬಂಧಗಳನ್ನು ನೀಳವಾಗಿಸಿ ಸಡಿಲಗೊಳಿಸುತ್ತವೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಭೇದವನ್ನು ಮರೆಯಬಾರದು. ಸ್ಥಿರತೆ ಬೇರೆ, ನಿಧಾನ ಬೇರೆ. ಆರು ಅಮೋನಿಯ ಅಣುಗಳುಳ್ಳ ಕೋಬಾಲ್ಟ್ ಸಂಕೀರ್ಣವು ಆಮ್ಲದಲ್ಲಿ ಅಸ್ಥಿರ. ಆದರೂ ಒಡೆಯುವ ದಾರಿ ದುರ್ಗಮವಾದ್ದರಿಂದ ದಿನಗಟ್ಟಲೆ ಉಳಿಯುತ್ತದೆ. ನಾಲ್ಕು ಸಯನೈಡುಗಳುಳ್ಳ ನಿಕ್ಕಲ್ ಸಂಕೀರ್ಣವು ಅತಿ ಸ್ಥಿರ. ಆದರೂ ಅದರ ಸಯನೈಡುಗಳು ಬೇಗ ಬೇಗ ಬದಲಾಗುತ್ತಿರುತ್ತವೆ.

ಈ ವಿವೇಚನೆ ಕೇವಲ ಪುಸ್ತಕದ ಮಾತಲ್ಲ. 1844ರಲ್ಲಿ ಪೆಯ್ರೋನೆ ತಯಾರಿಸಿದ ಪ್ಲಾಟಿನಮ್ ಸಂಕೀರ್ಣವೊಂದರಲ್ಲಿ ಎರಡು ಅಮೋನಿಯ, ಎರಡು ಕ್ಲೋರೈಡು ಚೌಕದ ಮೂಲೆಗಳಲ್ಲಿವೆ. ಸಿಸ್‌ಪ್ಲಾಟಿನ್ ಎಂಬ ಹೆಸರಿನ ಇದನ್ನು 1978ರಿಂದ ಕ್ಯಾನ್ಸರಿಗೆ ಔಷಧವಾಗಿ ಬಳಸಲಾಗುತ್ತಿದೆ. ರಕ್ತದಲ್ಲಿ ಕ್ಲೋರೈಡು ಹೆಚ್ಚಾಗಿರುವುದರಿಂದ ಇದು ಬಹುಮಟ್ಟಿಗೆ ಹಾಗೆಯೇ ಸಾಗಿ ಜೀವಕೋಶವನ್ನು ಸೇರುತ್ತದೆ. ಅಲ್ಲಿ ಕ್ಲೋರೈಡು ಕಡಮೆ. ಗಂಟೆಗಳ ಅವಧಿಯಲ್ಲಿ ಅದು ಕಳಚಿ ನೀರಿಗೆ ಎಡೆಗೊಡುತ್ತದೆ. ಆಮೇಲೆ ಪ್ಲಾಟಿನಮ್ ಡಿಎನ್‌ಎಯನ್ನು ಹಿಡಿದು ಕೋಶದ ವಿಭಜನೆಯನ್ನು ತಡೆಯುತ್ತದೆ. ಕ್ಲೋರೈಡುಗಳು ಎದುರುಬದುರಾಗಿರುವ ರೂಪಕ್ಕೆ ಈ ಔಷಧಗುಣವಿಲ್ಲ. ವಿನಿಮಯವು ತಾಮ್ರದಷ್ಟು ತ್ವರಿತವಾಗಿದ್ದರೆ ಔಷಧವು ಗುರಿ ಮುಟ್ಟುವ ಮೊದಲೇ ಮಾರ್ಪಡುತ್ತಿತ್ತು. ರೋಗಿಯ ಪ್ರಾಣವು ಇಲ್ಲಿ ರಚನೆ, ವೇಗ ಎರಡನ್ನೂ ಅವಲಂಬಿಸಿದೆ.