ವೇಗ ಏರಿಸಿದ ಮೇಲೆ ಕಂಪ್ಯೂಟರ್ ಕೈಕೊಟ್ಟಾಗ

ಭಯ ಬೇಡ. ನೀಲಿ ಪರದೆ ಬರುತ್ತಿದ್ದರೂ ನಿಮ್ಮ ರೈಜನ್ 5 5600ಎಕ್ಸ್ ಪ್ರೊಸೆಸರ್ ಕೆಟ್ಟಿಲ್ಲ ಎಂದೇ ನನಗನಿಸುತ್ತದೆ. ಬಯಾಸ್‌ನಲ್ಲಿ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದು, ರ‍್ಯಾಮ್‌ನ ವೇಗ ಏರಿಸುವ ಎಕ್ಸ್‌ಎಂಪಿಯನ್ನೂ ಆಫ್ ಮಾಡಿ, ಎರಡು ದಿನ ಬಳಸಿ ನೋಡಿ. ಆಗಲೂ ನೀಲಿ ಪರದೆ ಬಂದರೆ ರ‍್ಯಾಮ್, ಎಸ್‌ಎಂಪಿಎಸ್ ಪರೀಕ್ಷಿಸಿ. ಬರದಿದ್ದರೆ ತೊಂದರೆ ಎಕ್ಸ್‌ಎಂಪಿಯದಿರಬಹುದು, ಆದರೆ ನನ್ನ ಗುಮಾನಿ ನೀವಿಟ್ಟ 4.7 ಗಿಗಾಹರ್ಟ್ಸ್‌ನ ಮೇಲೆ. ಕಂಪನಿ ಹೇಳುವ ಗರಿಷ್ಠವೇ 4.6, ಆರೂ ಕೋರ್ ಒಟ್ಟಿಗೆ ದುಡಿಯುವಾಗ ಅದೂ ಖಾತ್ರಿಯಲ್ಲ.

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕಾಣುವ ‘ಕರ್ನಲ್-ಪವರ್ 41’ ಯಂತ್ರ ದಿಢೀರನೆ ನಿಂತಿತೆಂದಷ್ಟೇ ಹೇಳುತ್ತದೆ, ಕಾರಣವನ್ನಲ್ಲ. ಅಲ್ಲೇ ‘ಡಬ್ಲ್ಯುಎಚ್‌ಇಎ-ಲಾಗರ್’ ದೋಷ ಹುಡುಕಿ. ಇದ್ದರೆ ಆ ವೇಗಕ್ಕೆ ವೋಲ್ಟೇಜ್ ಸಾಲದಿರುವ ಸಾಧ್ಯತೆ ಹೆಚ್ಚು. ಆದರೂ ವೋಲ್ಟೇಜ್ ಏರಿಸಬೇಡಿ, ದಯವಿಟ್ಟು; 100 ಮೆಗಾಹರ್ಟ್ಸ್‌ನಂತೆ ವೇಗ ಇಳಿಸುತ್ತಾ ಬನ್ನಿ.

ಇಳಿಸಿದ ಪ್ರತಿ ವೇಗದ ಪರೀಕ್ಷೆ ಮಾತ್ರ ನಿಮ್ಮ ಭದ್ರಾವತಿಯ ಏಪ್ರಿಲ್ ಮಧ್ಯಾಹ್ನದಲ್ಲೇ ಆಗಲಿ. ರಾತ್ರಿಯ ತಂಪಿನಲ್ಲಿ ಪಾಸಾದದ್ದನ್ನು ನಾನು ನಂಬುವುದಿಲ್ಲ. ಈ ಚಿಪ್‌ನ ಮಿತಿ 95 ಡಿಗ್ರಿ. 85 ದಾಟಿದರೆ ನಿಲ್ಲಿಸಿ, ಕೂಲರ್‌ನ ಧೂಳು ತೆಗೆದು ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ.